ಕೆನ್ನೆಯ ಮೇಲಿನ ಎಳ್ಳು

ಎಳ್ಳು ಹುರಿಯುವ ವಾಸನೆ ಬಂದರೆ ನಾನು ಅಡುಗೆಮನೆಯಲ್ಲಿ ನಿಲ್ಲುವುದಿಲ್ಲ. ಸೊಸೆಗೆ ಇದು ಗೊತ್ತು. ಎಳ್ಳಮವಾಸ್ಯೆಗೆ ಹೋಳಿಗೆ ಮಾಡಬೇಕಾದಾಗ "ಅತ್ತಿ, ಎಳ್ಳು ಹುರೀತೀನ್ರಿ" ಎಂದು ಮೊದಲೇ ಹೇಳುತ್ತಾಳೆ. ನಾನು ಎದ್ದು ಹೊರಗಿನ ಕಟ್ಟೆಗೆ ಬರುತ್ತೇನೆ. ಆ ಘಮಲಿಗೆ ನನಗೆ ತಲೆನೋವು ಬರುತ್ತದೆಂದು ಅವಳು ತಿಳಿದಿದ್ದಾಳೆ. ತಿಳಿದುಕೊಳ್ಳಲಿ ಬಿಡಿ. ಈ ಸಲವೂ ಹಾಗೇ ಬಂದು ಕುಳಿತೆ. ಕೈ ಮಾತ್ರ ತಾನಾಗಿಯೇ ಕತ್ತಿನ ಮಚ್ಚೆಯ ಮೇಲೆ ಹೋಯಿತು. ಹೋದ ವಾರ ಯಾದಗಿರಿಯ ಡಾಕ್ಟರು ಬೆಳಕು ಬಿಟ್ಟು ನೋಡಿದ ಮಚ್ಚೆ ಅದು. ನೋಡಿ ಒಂದು ಮಾತು ಹೇಳಿದ್ದಾರೆ, ನಾನಿನ್ನೂ ಉತ್ತರ ಕೊಟ್ಟಿಲ್ಲ.

ನಾನು ಹದಿನಾರು ತುಂಬುವುದರೊಳಗೆ ತಾಳಿಕೋಟೆ ಕಡೆಯಿಂದ ಸುರಪುರಕ್ಕೆ ಸೊಸೆಯಾಗಿ ಬಂದವಳು. ನಮ್ಮದು ಇಂಗ್ರೇಜಿ ರಾಜ್ಯ, ಗಡಿ ದಾಟಿದರೆ ನಿಜಾಮರದು, ನಮ್ಮವರ ಬಾಯಲ್ಲಿ ಮೊಗಲಾಯಿ. ಮಾತೂ ಬೇರೆ. ಗಂಡ ಕಚೇರಿಯಲ್ಲಿ ಗುಮಾಸ್ತರು. ಮನೆಗೆ ಬಂದವರೆಲ್ಲ ಅರ್ಧ ಉರ್ದು ಆಡುತ್ತಿದ್ದರು. ನಾನು ಗೂಬೆಯ ಹಾಗೆ ಕಣ್ಣು ಬಿಡುತ್ತ ಕೂತಿರುತ್ತಿದ್ದೆ. "ಇಕಿಗಿ ಏನೂ ತಿಳಿಯಾಂಗಿಲ್ಲ ನೋಡವ್ವ" ಎಂದು ಅತ್ತೆ ನಗುತ್ತಿದ್ದರು. ಅದಕ್ಕೇ ಒಂದು ಶಬ್ದ ಗೊತ್ತಾದರೂ ಸಾಕು, ನನಗೆ ಎಲ್ಲಿಲ್ಲದ ಸೊಕ್ಕು ಬರುತ್ತಿತ್ತು. ಆ ಸೊಕ್ಕಿನ ಫಲ ನಾನು ಉಣ್ಣಲಿಲ್ಲ, ಬೇರೆಯವರು ಉಂಡರು.

ನಮ್ಮ ಗೋಡೆಗೆ ಅಂಟಿದ ಒಂದಂಕಣದ ಮನೆಯಲ್ಲಿ ಅವಳಿದ್ದಳು. ನಾನು ಅಕ್ಕಾ ಎನ್ನುತ್ತಿದ್ದೆ. ವಯಸ್ಸು ಮೂವತ್ತರ ಹತ್ತಿರ. ಒಂಟಿ ಹೆಂಗಸು. ಹಳೇ ಸೀರೆಗಳ ಕೌದಿ ಹೊಲಿದುಕೊಡುತ್ತಿದ್ದಳು, ಸುಗ್ಗಿಯಲ್ಲಿ ಹತ್ತಿ ಬಿಡಿಸಲು ಹೋಗುತ್ತಿದ್ದಳು. ಬಲಗೆನ್ನೆಯ ಮೇಲೆ ಒಂದು ಕರಿಮಚ್ಚೆ, ಎಳ್ಳಿಗಿಂತ ತುಸು ದೊಡ್ಡದು. ಹೊಸದಾಗಿ ಬಂದ ನನಗೆ ಆ ಓಣಿಯಲ್ಲಿ ನಗುತ್ತ ಮಾತಾಡಿದ ಮೊದಲ ಮುಖ ಅದೇ. ನನ್ನ ಮಾತಿಗೆ ಯಾರಾದರೂ ನಕ್ಕರೆ ಅವಳು ಸೂಜಿ ಎತ್ತಿ ತೋರಿಸಿ ಬೈಯುತ್ತಿದ್ದಳು.

ಅವಳ ಗಂಡ ಕೆಂಭಾವಿಯವನು. ಮದುವೆಯಾದ ಹನ್ನೊಂದನೇ ದಿನಕ್ಕೆ ಯಾವುದೋ ಸಾಹೇಬರ ಕುದುರೆ ನೋಡಿಕೊಳ್ಳಲು ಹೈದರಾಬಾದಿಗೆ ಹೋದವನು ಮತ್ತೆ ಬರಲಿಲ್ಲ. ಎರಡು ವರ್ಷ ಅವರಿವರ ಕೈಲಿ ಸುದ್ದಿ ಕಳಿಸಿದನಂತೆ, ಆಮೇಲೆ ಅದೂ ನಿಂತಿತು. "ಗಂಡನ್ನ ಊರು ಬಿಡಿಸೋ ಮಚ್ಚಿ" ಎಂದು ಅವಳ ಅತ್ತೆ ಸುಣ್ಣ, ಸೋಡಾ ಕಲಸಿ ಆ ಮಚ್ಚೆಗೆ ಹಚ್ಚಿದಳು. ಚರ್ಮ ಸುಟ್ಟು ಹುಣ್ಣಾಯಿತು, ಮಚ್ಚೆ ಹೋಗಲಿಲ್ಲ. ಕೊನೆಗೆ ಸೊಸೆಯನ್ನೇ ಹೊರಗೆ ಹಾಕಿದರು. ಸುರಪುರದಲ್ಲಿ ದೂರದ ಚಿಕ್ಕಮ್ಮ ಇದ್ದಳೆಂದು ಬಂದಳು, ಆ ಚಿಕ್ಕಮ್ಮನೂ ತೀರಿಕೊಂಡಳು.

ನಾನು ಬಂದ ಎರಡನೇ ವರ್ಷ ಆ ಮಚ್ಚೆ ಬದಲಾಗತೊಡಗಿತು. ಅಂಚು ಹರಡಿತು, ಒಂದು ಕಡೆ ಕಪ್ಪು, ಒಂದು ಕಡೆ ಕೆಂಪು. ಸೆರಗು ತಾಗಿದರೂ ರಕ್ತ ಜಿನುಗುತ್ತಿತ್ತು. ಒಬ್ಬರು ಗೇರೆಣ್ಣೆ ಹಚ್ಚು ಎಂದರು, ಇನ್ನೊಬ್ಬರು ಕುದುರೆಯ ಕೂದಲು ಬಿಗಿದು ಕಟ್ಟು ಎಂದರು. ನನಗೆ ಸಿಟ್ಟು ಬಂತು. ನನ್ನ ಗಂಡನನ್ನು ಕಾಡಿ ಬೇಡಿ ಒಪ್ಪಿಸಿ ಒಂದು ದಿನ ಅವಳನ್ನು ಶಹಾಪುರದ ದವಾಖಾನೆಗೆ ಕರೆದುಕೊಂಡು ಹೋದೆವು. ಅಲ್ಲಿನ ಡಾಕ್ಟರು ಧಾರವಾಡ ಕಡೆಯವರು, ನಮ್ಮ ಮಾತಿನವರು.

"ನೋಡವ್ವ," ಎಂದರು, "ಸುಮ್ಮ ಕೂತ ಮಚ್ಚಿಗೆ ಕೈ ಹಚ್ಚಬಾರದು. ಚಂದ ಕಾಣೂದಿಲ್ಲ ಅಂತ ಸುಡಬಾರದು, ಕೆಟ್ಟ ಶಕುನ ಅಂತ ಕೀಳಬಾರದು. ಆದ್ರ ಇದು ಸುಮ್ಮ ಕೂತಿಲ್ಲ. ಬೆಳ್ಯಾಕತ್ತದ, ಬಣ್ಣ ಬದಲಿ ಮಾಡ್ಯದ. ಇದನ್ನ ಬಿಟ್ರ ಒಳಗ ಇಳೀತದ, ಜೀವಕ್ಕ ಬರ್ತದ. ಬೇರುಸಹಿತ ಕತ್ತರಿಸಬೇಕು."

ಅವಳು ಸೆರಗಿನ ತುದಿಯಿಂದ ಕೆನ್ನೆ ಒತ್ತಿಕೊಂಡು ಕೇಳಿದಳು: "ತಗದ ಮ್ಯಾಲ ಆ ಜಾಗದಾಗ ಏನರ ಗುರ್ತು ಉಳೀತದೇನ್ರಿ?"

"ಗಾಯದ ಕಲಿ ಉಳೀತದ. ಮಚ್ಚಿ ಉಳಿಯೂದಿಲ್ಲ."

"ವಿಚಾರ ಮಾಡಿ ಬರ್ತೀನ್ರಿ" ಎಂದು ಎದ್ದುಬಿಟ್ಟಳು. ದಾರಿಯುದ್ದಕ್ಕೂ ನಾನು ಬೈದೆ. ಜೀವಕ್ಕಿಂತ ಮಚ್ಚೆ ದೊಡ್ಡದಾಯಿತೇ ಎಂದೆ. ಮನೆಗೆ ಬಂದು ಕೌದಿಯ ಮುಂದೆ ಕುಳಿತ ಮೇಲೆ ಅವಳು ಬಾಯಿಬಿಟ್ಟಳು.

"ಅಂವ ನನ್ನ ಮಾರಿ ಎಲ್ಲಿ ನೋಡ್ಯಾನ ತಂಗಿ? ಹನ್ನೊಂದು ದಿನ, ಮನಿ ತುಂಬ ಮಂದಿ. ಹೋಗೂ ಮುಂದ ಇದರ ಮ್ಯಾಲ ಬೆರಳಿಟ್ಟು, ಇದು ಇರ್ಲಿ, ಸಂತ್ಯಾಗ ಕಳದು ಹೋದ್ರ ಹುಡುಕಾಕ ಬರ್ತದ ಅಂದಿದ್ದ. ಅವಗ ಗೊತ್ತಿರೂದು ಇದೊಂದ."

ನನಗೆ ಅಳು ಬಂತು, ಆದರೂ ಬಿಡಲಿಲ್ಲ. "ಅಂವ ಬಂದಾಗ ನೀವ ಇರದಿದ್ರ ಮಚ್ಚಿ ತಗೊಂಡು ಏನ್ ಮಾಡ್ತಾನ್ರಿ?" ಎಂದೆ. ಎಂಟು ದಿನ ಅದನ್ನೇ ಹೇಳಿದೆ. ಒಂಬತ್ತನೇ ದಿನ ಒಪ್ಪಿದಳು.

ಆದರೆ ಶಹಾಪುರಕ್ಕೆ ಹೋಗುವ ಮೊದಲು ಅವಳು ಮಾಡಿದ ಕೆಲಸ ಯಾರೂ ಮಾಡಲಿಕ್ಕಿಲ್ಲ. ಊರೆಲ್ಲ ತಿರುಗಿ ಹೇಳಿಬಂದಳು. ಮೋಟಾರು ನಿಲ್ಲುವಲ್ಲಿನ ಚಹಾದಂಗಡಿಯವನಿಗೆ, ಕ್ಷೌರದವನಿಗೆ, ಕೆಂಭಾವಿ ಸಂತೆಗೆ ಹೋಗುವ ಗಾಡಿಯವರಿಗೆ. "ನನ್ನ ಮಚ್ಚಿ ತೆಗಸಾಕತ್ತೀನ್ರಿ. ಗಲ್ಲದ ಮ್ಯಾಲ ಮಚ್ಚಿ ಇದ್ದಾಕಿ ಅಂತ ಯಾರರ ಕೇಳ್ಕೋತ ಬಂದ್ರ ಈ ಓಣಿಗಿ ಕಳಸ್ರಿ." ಕೆಲವರು ಮುಖಕ್ಕೇ ನಕ್ಕರು. ಹೆಸರು ಹಿಡಿದು ಕೇಳುವುದಿಲ್ಲವೇ ಎಂದು ಒಬ್ಬ ಚೇಷ್ಟೆ ಮಾಡಿದನಂತೆ. ಗಂಡ ಹೆಂಡತಿಯ ಹೆಸರು ಹೇಳುವ ಕಾಲವೇ ಅದು? ಹೇಳಿದರೆ ಆಯುಷ್ಯ ಕಡಿಮೆ ಎನ್ನುತ್ತಿದ್ದರು. ಕೊನೆಗೆ ನನ್ನ ಹತ್ತಿರ ಬಂದು, "ನೀ ಬಾಗಲದಾಗ ಇರ್ತಿ ತಂಗಿ, ನಿನಗ ಹೆಚ್ಚಿಗಿ ಹೇಳೂದಿಲ್ಲ" ಎಂದಳು.

ಮಚ್ಚೆ ತೆಗೆಸಿದೆವು. ಗಾಯ ಮಾಯಿತು. ಕೆನ್ನೆಯ ಮೇಲೆ ಎಳೆದಂಥ ಬಿಳಿಗೆರೆ ಉಳಿಯಿತು. ಸಂಜೆ ಕೆಲಸದಿಂದ ಬಂದವಳೇ ನಮ್ಮ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು: "ಯಾರರ ಕೇಳ್ಕೋತ ಬಂದಿದ್ರೇನು ತಂಗಿ?" ನಾನು "ಇಲ್ರೀ ಅಕ್ಕಾ" ಎನ್ನುತ್ತಿದ್ದೆ. ಅಷ್ಟು ದಿನ ಅದು ಖರೇ ಮಾತಾಗಿತ್ತು.

ಮುಂದಿನ ವರ್ಷ, ಎಳ್ಳಮವಾಸ್ಯೆಗೆ ನಾಲ್ಕು ದಿನ ಇತ್ತು. ಅಕ್ಕ ಹತ್ತಿ ಬಿಡಿಸಲು ಹೋಗಿದ್ದಳು. ನಾನು ಬಾಗಿಲಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದೆ. ತಲೆಗೆ ರುಮಾಲು ಸುತ್ತಿದ ಗಂಡಸೊಬ್ಬ ಬಂದು ದೂರವೇ ನಿಂತ. ಕೈಯಲ್ಲಿ ಸಣ್ಣ ಗಂಟು.

"ಯವ್ವಾ, ಆ ತಿಲ್ ಇರೋ ಬಾಯಿ... ಮನಿ ಯಾವುದು? ಚಹಾದಂಗಡಿಯಾಂವ ಈ ಓಣಿ ಅಂದ."

ಕೇಳುವಾಗ ಅವನ ಬೆರಳು ಕೆನ್ನೆಗೆ ಹೋಯಿತು. ನೊಣ ಓಡಿಸಿಕೊಂಡ ಎಂದುಕೊಂಡೆ.

ತಿಲ್! ನನಗೆ ಗೊತ್ತಿದ್ದ ಶಬ್ದ! ತವರಿನಲ್ಲಿ ಮರಾಠಿ ನೆರೆಯವರು ಸಂಕ್ರಾಂತಿಗೆ ತಿಳಗೂಳ ಕೊಡುತ್ತಿದ್ದರು. ತೀಳ ಅಂದರೆ ಎಳ್ಳು, ಬಾಯಿ ಅಂದರೆ ಹೆಂಗಸು. ತಿಲ್ ಇರೋ ಬಾಯಿ ಅಂದರೆ ಎಳ್ಳು ಮಾರುವಾಕಿ, ಹಬ್ಬದ ದಿನಗಳು ಬೇರೆ. ಕೊನೆಗೂ ಒಂದು ಮಾತು ಯಾರ ಸಹಾಯವಿಲ್ಲದೆ ತಿಳಿಯಿತಲ್ಲ ಎಂದು ಹಿಗ್ಗಿ, "ಈ ಓಣಿ ಅಲ್ರಿ, ಗಾಣಿಗೇರ ಓಣಿ. ಬೇವಿನಗಿಡದ ಬಾಜೂಕ ಆಕಿ ಮನಿ" ಎಂದು ಕೈ ಮಾಡಿ ತೋರಿಸಿದೆ. ಅವನು ಕೈಮುಗಿದು ಹೋದ. ಸಂಜೆ ಅಕ್ಕ ಕೇಳಿದಾಗಲೂ "ಇಲ್ರೀ ಅಕ್ಕಾ" ಎಂದೆ. ಎಳ್ಳು ಕೇಳಿಕೊಂಡು ಬಂದವನನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ?

ಎರಡು ದಿನದ ಮೇಲೆ ನನ್ನ ಗಂಡ ಯಾವುದೋ ಸರ್ಕಾರಿ ಕಾಗದದಲ್ಲಿ ನನ್ನ ಗುರುತು ಬರೆಯುತ್ತಿದ್ದರು. ನನ್ನ ಕತ್ತನ್ನು ನೋಡಿ, ಬರೆದು, ಗಟ್ಟಿಯಾಗಿ ಓದಿದರು: "ಗರ್ದನ್ ಪರ್ ತಿಲ್."

"ಕತ್ತಿನ ಮ್ಯಾಲ ಎಳ್ಳೇನ್ರಿ?" ಎಂದು ನಕ್ಕೆ.

"ಎಳ್ಳಲ್ಲ, ಮಚ್ಚಿ. ಉರ್ದುದಾಗ ಮಚ್ಚಿಗೂ ತಿಲ್ ಅಂತಾರ."

ಅಯ್ಯ ನನ ಶಿವನೇ... ಅವನು ಕೆನ್ನೆಗೆ ಬೆರಳಿಟ್ಟದ್ದು ನೊಣ ಓಡಿಸಲಿಕ್ಕಲ್ಲ.

ಬೆಳಗಾಗುತ್ತಲೇ ಗಾಣಿಗೇರ ಓಣಿಗೆ ಓಡಿದೆ. ಎಳ್ಳು ಮಾರುವಾಕೆ ಪಾಪ, ಏನೂ ತಿಳಿಯದೆ ಹೇಳಿದಳು. "ಹೌದವ್ವ, ಬಂದಿದ್ದ. ನಾ ಸೆರಗು ಮುಚ್ಚಿ ಗ್ವಾಡಿ ಕಡೆ ಮಾರಿ ಮಾಡಿ ಕೂಸಿಗಿ ಹಾಲು ಕುಡಸಾಕತ್ತಿದ್ನಿ. 'ತಿಲ್ ಇರೋ ಬಾಯಿ ಇಕಿನ ಏನು?' ಅಂತ ನಮ್ಮ ಮನಿಯವ್ರನ್ನ ಕೇಳಿದ. 'ಹೌದು, ನನ್ನ ಹೇಣ್ತಿ. ಏನ್ ಬೇಕಾಗಿತ್ರಿ?' ಅಂದ್ರು. ಅಂವ ನಮ್ಮ ಹುಡುಗ್ರನ್ನ ನೋಡಿದ. ನೀರು ಬೇಡಿ ಕುಡದ. ಸಣ್ಣಾಕಿ ಕೈಯಾಗ ಇವನ್ನ ಇಟ್ಟು ಯಾದಗಿರಿ ಮೋಟಾರಿಗಿ ಹೋದ. ಹುಚ್ಚನೋ ಏನೋ."

ಅವಳು ಕೈ ಮುಂದೆ ಚಾಚಿದಳು. ಹೈದರಾಬಾದಿನ ಅರಗಿನ ಬಳೆಗಳು. ದೊಡ್ಡವರ ಅಳತೆಯವು.

ನಾನು ಅಕ್ಕನಿಗೆ ಹೇಳಲಿಲ್ಲ. ಗಂಡನ ಮುಂದೆ ಎಲ್ಲ ಹೇಳಿ ಅತ್ತುಬಿಟ್ಟೆ. "ಹೈದರಾಬಾದಿನ್ಯಾಗ ಯಾವ ಸಾಹೇಬ, ಎಲ್ಲಿ ಅಂತ ಹುಡುಕೂದು? ಸುಮ್ಮನಿರು. ಹೇಳಿದ್ರ ಆಕಿ ಉಳಿಯೂದಿಲ್ಲ" ಎಂದರು. ಸುಮ್ಮನಿದ್ದೆ. ಅದು ಅವಳ ಮೇಲಿನ ಕರುಣೆಯಲ್ಲ, ನನ್ನ ಹೇಡಿತನ. ಇವತ್ತು ಹೇಳಬೇಕು, ನಾಳೆ ಹೇಳಬೇಕು ಎನ್ನುತ್ತ ದಿನ ದೂಡಿದೆ. ಅವಳು ಮಾತ್ರ ಸಂಜೆಯ ಪ್ರಶ್ನೆ ಬಿಡಲಿಲ್ಲ. ಒಂದು ದಿನ ಗಾಣಿಗೇರ ಓಣಿಯಿಂದ ಎಣ್ಣೆ ತಂದ ಅಕ್ಕನೇ ಹೇಳಿದಳು: "ಗಾಣಿಗೇರಾಕಿ ಕೈಯಾಗಿನ ಬಳಿ ನೋಡಿದೇನ ತಂಗಿ? ಎಷ್ಟು ಚಂದ ಅದಾವ. ಪುಣ್ಯವಂತಿ." ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ನಿಜಾಮರ ರಾಜ್ಯ ಹೋಯಿತು. ಕಚೇರಿಯ ಮಾತು ಬದಲಾಯಿತು. ಅಕ್ಕನ ಕೂದಲು ಬೆಳ್ಳಗಾದವು. ಮಚ್ಚೆಯ ರೋಗ ಮತ್ತೆ ತಲೆಯೆತ್ತಲಿಲ್ಲ, ಡಾಕ್ಟರ ಮಾತು ನಿಜವಾಗಿತ್ತು. ನಾನು ಉಳಿಸಿದ ಆ ಜೀವವನ್ನು ಅವಳು ಕಾಯುವುದರಲ್ಲೇ ಕಳೆದಳು. ಕೊನೆಯ ಜ್ವರದಲ್ಲಿಯೂ ನನ್ನ ಕೈ ಹಿಡಿದು ಅದನ್ನೇ ಕೇಳಿದಳು. ತುಟಿಯವರೆಗೆ ಬಂದಿತ್ತು... "ಇಲ್ರೀ ಅಕ್ಕಾ" ಎಂದೆ.

ನನ್ನ ಕತ್ತಿನ ಮಚ್ಚೆ ಇಷ್ಟು ವರ್ಷ ಸುಮ್ಮನೆ ಕೂತಿತ್ತು. ಈಗ ಬೆಳೆಯುತ್ತಿದೆ, ಅಂಚು ಹರಡಿದೆ. "ಅಜ್ಜಿ, ಇದನ್ನ ತಗದು ತಪಾಸಣಿಗಿ ಕಳಸೂಣ್ರಿ" ಎಂದರು ಯಾದಗಿರಿಯ ಡಾಕ್ಟರು, ಎಳೆ ವಯಸ್ಸಿನ ಹೆಣ್ಣುಮಗಳು. ಕತ್ತಿ ಕತ್ತರಿಗೆ ನಾನು ಹೆದರುವವಳಲ್ಲ. ಹಾಗಿದ್ದೂ ಒಂದು ವಾರ ಬಾಯಿ ಕಟ್ಟಿತ್ತು. ಗುರುತು ಬರೆದುಕೊಂಡ ಗಂಡನೂ ಇಲ್ಲ, ಆ ಕಾಗದ ಎಲ್ಲಿ ಹೋಯಿತೋ ಗೊತ್ತಿಲ್ಲ. ಪಕ್ಕದ ಒಂದಂಕಣದ ಮನೆ ಬಿದ್ದು ಅಲ್ಲಿ ಈಗ ಯಾರದೋ ಗಾಡಿ ನಿಲ್ಲುತ್ತದೆ. ಸಂಜೆಯಾದರೆ ನಮ್ಮ ಬಾಗಿಲಿಗೆ ಬಂದು ಕೇಳುವವರಿಲ್ಲ.

ಎಳ್ಳು ಹುರಿದಾಯಿತೆಂದು ಕಾಣುತ್ತದೆ, ಸೊಸೆ ಹೊರಗೆ ಬಂದಳು.

"ಅತ್ತಿ, ಡಾಕ್ಟರಿಗಿ ಏನ್ ಹೇಳ್ಲಿರಿ?"

"ತಗೀಲಿ ಅಂತ ಹೇಳವ್ವ," ಎಂದೆ. "ಇದನ್ನ ಕೇಳ್ಕೋತ ಯಾರೂ ಬರೂದಿಲ್ಲ."