ಅಪ್ಪ ಎತ್ತಿಟ್ಟ ಫಲಕ

ನೂರರ ವೇಗದಲ್ಲಿ ಓಡುವ ರಸ್ತೆ ಇಲ್ಲಿ ಇದ್ದಕ್ಕಿದ್ದಂತೆ ಮೂವತ್ತು ಎನ್ನುತ್ತದೆ. ಗುಂಡಿಯಿಲ್ಲ, ಎಮ್ಮೆ ಅಡ್ಡ ಬಂದಿಲ್ಲ, ಕೆಲಸದವರ ಸುಳಿವೂ ಇಲ್ಲ. ಅಂಚಿನಲ್ಲಿ ಒಂದು ತಾತ್ಕಾಲಿಕ ಫಲಕ, ಅಷ್ಟೆ. ನ್ಯೂಜಿಲೆಂಡಿಗೆ ಬಂದ ಹೊಸತರಲ್ಲಿ ನನಗೆ ನಗು ಬರುತ್ತಿತ್ತು. ನಮ್ಮ ಶ್ರೀರಂಗಪಟ್ಟಣದ ಹೆದ್ದಾರಿಯಲ್ಲಿ ಇಂಥದ್ದನ್ನು ಇಟ್ಟರೆ ಮಾರನೆಯ ದಿನ ಅದು ಯಾರದೋ ಕೊಟ್ಟಿಗೆಯ ಬಾಗಿಲಾಗಿರುತ್ತದೆ. ಇಲ್ಲಿನವರು ಗೊಣಗುತ್ತಲೇ ಬ್ರೇಕ್ ಒತ್ತುತ್ತಾರೆ. ಯಾಕೆಂದು ಯಾರೂ ಹೇಳುವುದಿಲ್ಲ. ಕೇಳದೆ ಇರುವುದನ್ನು ನಾನೂ ಬೇಗ ಕಲಿತೆ.

ನಾನೂ ನನ್ನ ಗಂಡನೂ ಇಲ್ಲೊಂದು ಡೇರಿ ಫಾರ್ಮಿನಲ್ಲಿ ಹಾಲು ಕರೆಯುವ ಕೆಲಸಕ್ಕಿದ್ದೇವೆ. ನಮ್ಮೂರು ಕ್ಯಾತನಹಳ್ಳಿಯಲ್ಲಿ ಹಸುಗಳಿಗೆ ಹೆಸರಿತ್ತು, ಇಲ್ಲಿ ಕಿವಿಯ ಬಿಲ್ಲೆಯಲ್ಲಿ ನಂಬರಿದೆ. ರಾಗಿಹಿಟ್ಟು ಬೇಕೆಂದರೆ ದೂರದ ಪಟ್ಟಣಕ್ಕೇ ಹೋಗಬೇಕು. ಊರಿನಿಂದ ನಮ್ಮನ್ನು ನೋಡಲು ಬಂದಿದ್ದ ಅಪ್ಪನನ್ನು ಕೂರಿಸಿಕೊಂಡು ಕಳೆದ ವಾರ ಅದಕ್ಕೆಂದೇ ಮೋಟರ್‌ವೇ ಹತ್ತಿದೆ. ಮೋಟರ್‌ವೇ ಎಂದರೆ ಸೈಕಲ್ಲಿಗೂ ನಡೆಯುವ ಮನುಷ್ಯನಿಗೂ ಜಾಗವಿಲ್ಲದ ರಸ್ತೆ.

ಅಪ್ಪನಿಗೆ ಸಕ್ಕರೆ ಕಾಯಿಲೆ. "ಒಸಿ ನಿಲ್ಸವ್ವ, ತಡಿಯಾಕಾಯ್ತಿಲ್ಲ" ಎಂದರು. ನಾಚಿಕೆಯಿಂದಲೇ ಅಂಥದೇ ಒಂದು ಫಲಕದ ಬಳಿ ಅಂಚಿಗೆ ನಿಲ್ಲಿಸಿ ಅತ್ತ ಮುಖ ಮಾಡಿ ಕೂತೆ. ತಿರುಗಿ ನೋಡುತ್ತೇನೆ, ಅಪ್ಪ ಮೂವತ್ತರ ಫಲಕವನ್ನು ಹೊತ್ತುಕೊಂಡು ಹೋಗಿ ಹುಲ್ಲಿನ ಮೇಲೆ ಮಲಗಿಸುತ್ತಿದ್ದಾರೆ!

"ಕೆಲ್ಸ ಮುಗಿಸ್ಕಂಡು ಎತ್ತಾದ ಮರ್ತ್ಬುಟ್ಟವ್ರೆ ಕಣವ್ವ" ಎಂದರು ಕೈ ಕೊಡವುತ್ತ.

ಅವರ ಲೆಕ್ಕ ನನಗೆ ಗೊತ್ತು. ಪಾಂಡವಪುರದ ರಸ್ತೆಯಲ್ಲಿ ಹುರುಳಿ ಹರಡಿ, ಬಸ್ಸು ಲಾರಿಗಳ ಚಕ್ರದಲ್ಲೇ ಒಕ್ಕಣೆ ಮಾಡಿಸಿಕೊಳ್ಳುವವರು ಸುತ್ತಲೂ ಕಲ್ಲಿಡುತ್ತಾರೆ. ಕಾಳು ಮನೆ ಸೇರಿದರೂ ಕಲ್ಲು ಅಲ್ಲೇ ಬಿದ್ದಿರುತ್ತದೆ. ಎಂಥ ಅವಸರವಿದ್ದರೂ ಅಪ್ಪ ಗಾಡಿ ನಿಲ್ಲಿಸಿ ಅದನ್ನು ಪಕ್ಕಕ್ಕಿಟ್ಟೇ ಮುಂದೆ ಹೋಗುವವರು. ಚಿಕ್ಕಂದಿನಲ್ಲಿ ಹಿಂದೆ ಕೂತ ನಾನೂ ಇಳಿದು ಸಣ್ಣ ಕಲ್ಲುಗಳನ್ನು ಎತ್ತುತ್ತಿದ್ದೆ.

ಅಷ್ಟರಲ್ಲಿ ಒಂದು ಯೂಟ್, ಅಂದರೆ ಹಿಂಬದಿ ತೆರೆದ ಗಾಡಿ, ಬಂದು ನಿಂತಿತು. ರಸ್ತೆ ಕೆಲಸದ ಕಿತ್ತಳೆ ಕೋಟಿನವನೊಬ್ಬ ಇಳಿದು ಫಲಕವನ್ನೂ ಅಪ್ಪನನ್ನೂ ನೋಡಿ, ಇವರು ನಿಮ್ಮ ಕಡೆಯವರೇ ಎಂದು ಇಂಗ್ಲಿಷಿನಲ್ಲಿ ಕೇಳಿದ. ನಾನು ಕ್ಷಮೆ ಕೇಳಿದೆ, ಮತ್ತೆ ಮತ್ತೆ ಕೇಳಿದೆ. ಅವನ ಹುಬ್ಬು ಸಡಿಲವಾಗಲಿಲ್ಲ. ಆಗ ನನ್ನ ಕಣತಲೆಯ ಬಳಿ ಬೆರಳು ತಿರುಗಿಸಿ ನಕ್ಕುಬಿಟ್ಟೆ. ಅವನೂ ನಕ್ಕ. ಫಲಕವನ್ನು ಎತ್ತಿ ನಿಲ್ಲಿಸಿ ಹೋದ.

ಕಾರು ಹೊರಟ ಮೇಲೆ ಅಪ್ಪ ಮೆತ್ತಗೆ ಕೇಳಿದರು, "ಅಪ್ಪಂಗೆ ತಲೆ ಕೆಟ್ಟದೆ ಅಂದ್ಯೇನವ್ವ?"

"ಅಂಗಲ್ಲ ಕಣಪ್ಪ..."

"ಓಗ್ಲಿ ಬುಡು, ನಂದೇ ತೆಪ್ಪು. ಅದ್ಯಾಕ್ ಮಡಗವ್ರಂತೆ?"

"ಕೇಳ್ಲಿಲ್ಲ."

ಅಪ್ಪ ಕಿಟಕಿಯಾಚೆ ನೋಡತೊಡಗಿದರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಗುರುತಿಲ್ಲದವನೊಬ್ಬನ ಮುಂದೆ ನನ್ನ ಮಾನ ಉಳಿಸಿಕೊಳ್ಳಲು ಅಪ್ಪನ ಮಾನವನ್ನು ಕೊಟ್ಟುಬಿಟ್ಟಿದ್ದೆ. ಕ್ಷಮೆಯೆಲ್ಲ ಅವನಿಗೇ ಖರ್ಚಾಯಿತು. ಅಪ್ಪನ ಕ್ಷಮೆ ಕೇಳಲು ಮನೆ ತಲುಪುವವರೆಗೂ ಬಾಯಿ ಬರಲಿಲ್ಲ, ಆಮೇಲೂ ಬರಲಿಲ್ಲ.

ನಿನ್ನೆ ಅವರನ್ನು ವಿಮಾನಕ್ಕೆ ಬಿಡಲು ಅದೇ ದಾರಿಯಲ್ಲಿ ಹೋದೆ. ಫಲಕ ಇನ್ನೂ ಇತ್ತು. ಸುತ್ತ ನರಪಿಳ್ಳೆಯಿಲ್ಲ. ಮೂವತ್ತಕ್ಕೆ ಇಳಿಸಿದೆ.

"ನಿಲ್ಲಿಸ್ಲಾ ಅಪ್ಪ? ಇಳೀಬೇಕಾ?"

"ಬ್ಯಾಡ, ನಡಿಯವ್ವ. ನಾನು ಇಳಿಯಾಕಿಲ್ಲ."

ಹಿಂದೆ ಸಾಲುಗಟ್ಟಿದ ಕಾರಿನವರಿಗೆ ನಾನು ಇಲ್ಲಿಯವಳೇ ಆಗಿ ಕಂಡಿರಬೇಕು. ಪಕ್ಕದಲ್ಲಿ ಅಪ್ಪ ಎರಡೂ ಕೈಗಳನ್ನು ತೊಡೆಯಡಿ ಇಟ್ಟುಕೊಂಡು, ಫಲಕ ದಾಟುವವರೆಗೂ ಅತ್ತ ನೋಡದೆ ಕೂತಿದ್ದರು.