ಅಡ್ಡಗೀಟು ಬಿದ್ದ ಹಲಗೆ

ಡ್ರಾಯಿಂಗ್ ಮೇಷ್ಟ್ರ ಎಡಗೈ ತೋರುಬೆರಳಿಗೆ ತುದಿ ಇರಲಿಲ್ಲ. ಹೊಸದಾಗಿ ಬಂದ ಮಕ್ಕಳಿಗೆ ಮೊದಲು ಆ ಮೋಟು ಬೆರಳನ್ನೇ ತೋರಿಸುತ್ತಿದ್ದರು. "ಉಳಿ ಮುಂದೆ ಕೈ ಇಟ್ಟರೆ ಹಿಂಗಾಗುತ್ತೆ. ಕೈ ಯಾವಾಗಲೂ ಹಿಂದೆ!" ಹೆದರಿದವರು ಮನೆಗೆ ಹೋಗುತ್ತಿದ್ದರು, ಹೆದರದವರು ಕಲಿಯುತ್ತಿದ್ದರು.

ತಮಿಳು ಸೀಮೆಯ ಕ್ರೋಂಪೇಟೆಯಲ್ಲಿ ನಮ್ಮ ಮೇಲಿನ ಮನೆಯಲ್ಲಿದ್ದರು, ಒಂಟಿ ಮನುಷ್ಯ. ಭಾನುವಾರ ಬೀದಿಯ ಮಕ್ಕಳನ್ನು ಕೂರಿಸಿಕೊಂಡು ಹಲಗೆ ಕೆತ್ತಿಸಿ, ಮಸಿ ಬಳಿಸಿ, ಕಾಗದ ಹಾಸಿ, ಮರದ ಸೌಟಿನ ಬೆನ್ನಿನಿಂದ ಉಜ್ಜಿಸಿ ಅಚ್ಚು ತೆಗೆಸುತ್ತಿದ್ದರು. ನನ್ನ ಸೌಟುಗಳು ಹೋದದ್ದೇ ಹಾಗೆ.

ತಾಯಿಯಿಲ್ಲದ ನನ್ನ ಮೊಮ್ಮಗಳು ಅಲ್ಲಿ ತಾಯಿಯ ಮುಖ ಕೆತ್ತಿದಳು. ನನ್ನ ಮಗಳು ನಕ್ಕರೆ ಒಂದು ಕಣ್ಣು ಸಣ್ಣದಾಗುತ್ತಿತ್ತು. ಫೋಟೋ ಅಂದರೆ ಮುಖ ಬಿಗಿದು ನಿಲ್ಲುತ್ತಿದ್ದಳು, ಯಾವುದರಲ್ಲೂ ಆ ನಗುವಿಲ್ಲ. ಹಲಗೆಯಲ್ಲಿ ಬಂತು.

ಮೇಷ್ಟ್ರದೊಂದು ಪದ್ಧತಿ. ಕ್ಲಾಸಿನ ಮಕ್ಕಳಿಗೆಲ್ಲ ಒಂದೊಂದು ಅಚ್ಚು ಕೊಡಬೇಕು. ಆಮೇಲೆ ಕೆತ್ತಿದವರೇ ಹಲಗೆಗೆ ಅಡ್ಡಗೀಟು ಹಾಕಬೇಕು, ಮತ್ತೆ ಅಚ್ಚು ತೆಗೆಯುವಂತಿಲ್ಲ. ಮೊಮ್ಮಗಳು ಹಲಗೆಯನ್ನು ಎದೆಗೆ ಅವಚಿಕೊಂಡು ಒಲ್ಲೆನೆಂದು ತಮಿಳಿನಲ್ಲೇ ಹಟ ಹಿಡಿದಳು. "ಮಾಟೇನ್ ಸಾರ್, ಮಾಟೇನ್!"

"ಏನ್ರೀ ಮೇಷ್ಟ್ರೇ, ಮಗಳ ಕೈಲೇ ತಾಯಿ ಮುಖ ಗೀರಿಸ್ತೀರಾ?" ಎಂದೆ.

"ನಿಯಮ ಎಲ್ಲರಿಗೂ ಒಂದೇ ಅಮ್ಮಾ. ಭಯ ಯಾಕೆ? ನಿಮ್ಮನೇದು ಹಾಳಾದ್ರೆ ಇನ್ನೊಬ್ಬರ ಮನೇಲಿರುತ್ತೆ."

ಅತ್ತುಕೊಂಡೇ ಗೀರಿದಳು. ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ.

ಮುಂದಿನ ಮಳೆಗಾಲ ನೀರು ಮನೆಗೆ ನುಗ್ಗಿ ನಮ್ಮ ಅಚ್ಚು ಗಂಜಿಯಾಯಿತು. ಸುದ್ದಿ ಕೇಳಿದ ಕೂಡಲೇ ಮೇಷ್ಟ್ರು ಕೊಡೆ ಹಿಡಿದು ಅಚ್ಚು ಪಡೆದಿದ್ದ ಮಕ್ಕಳ ಮನೆಮನೆಗೂ ಹೋದರು. ಸಂಜೆ ತೊಯ್ದು ಬಂದು ಮೆಟ್ಟಿಲ ಮೇಲೆ ಕೂತರು.

"ಸಿಕ್ತಾ?"

"ಒಬ್ಬರು ಹಳೇ ಪೇಪರಿನವನಿಗೆ ಹಾಕಿದ್ದಾರೆ. ಒಬ್ಬರು ಶೆಲ್ಫಿಗೆ ಹಾಸಿ, ಹರಿದ ಮೇಲೆ ಬಿಸಾಕಿದ್ದಾರೆ. ಮಿಕ್ಕವರಿಗೆ ಯಾವ ಚಿತ್ರ ಅಂತಾನೇ ನೆನಪಿಲ್ಲ ಅಮ್ಮಾ."

"ನಿಮ್ಮ ಹತ್ರ?"

"ನಾನು ಇಟ್ಕೊಳ್ಳೋ ಹಾಗಿಲ್ಲ."

"ಬೆಂಕಿ ಹಾಕ ನಿಮ್ಮ ನಿಯಮಕ್ಕೆ."

ಆಮೇಲೆ ನಿಯಮ ಮುರಿದರು. ಮೇಲೆ ತಮ್ಮಲ್ಲೇ ಉಳಿದಿದ್ದ ಹಲಗೆಯ ಗೀಟಿಗೆ ಮೇಣ ತುಂಬಿ ಅಚ್ಚಿನ ಮೇಲೆ ಅಚ್ಚು ತೆಗೆದರು. ಗೀಟು ಮುಚ್ಚಲಿಲ್ಲ. ಒಂದನ್ನು ತಂದುಕೊಟ್ಟರು, ಬಿಳಿ ಗೀಟು ಆ ಸಣ್ಣ ಕಣ್ಣಿನ ಮೇಲೇ ಹಾದಿತ್ತು. ಮೊಮ್ಮಗಳು ಅದನ್ನು ಮುಟ್ಟಲಿಲ್ಲ.

ಮೇಷ್ಟ್ರು ತೀರಿಕೊಂಡಾಗ ಅವಳನ್ನು ಕರೆದೆ. "ನೀ ಪೋ ಅಜ್ಜಿ" ಎಂದು ಮಗ್ಗುಲು ತಿರುಗಿದಳು. ನಾನೊಬ್ಬಳೇ ಹೋದೆ. ಕಲಿತ ಮಕ್ಕಳು ಒಬ್ಬರೂ ಬಂದಿರಲಿಲ್ಲ. ಬಾಯಿಗೆ ಅಕ್ಕಿಕಾಳು ಹಾಕಿ ಬಂದೆ. ನಾನವರನ್ನು ಕ್ಷಮಿಸಿಲ್ಲ, ಇವತ್ತಿಗೂ ಇಲ್ಲ. ಆದರೆ ನನ್ನ ಮಗಳ ಮುಖಕ್ಕೋಸ್ಕರ ಮಳೆಯಲ್ಲಿ ಬಾಗಿಲು ಬಾಗಿಲು ತಟ್ಟಿದವರು ಬೇರೆ ಯಾರೂ ಇರಲಿಲ್ಲ.