ಅಕ್ಕನ ಅಂಗಡಿಯ ಬೋರ್ಡು

ಕಾಲುವೆಯ ಆಚೆಗಿನ ಬೀದಿಗಳಿಗೆ ಎರಡು ಹೆಸರು. ಅಲ್ಲಿ ವಾಸವಿರುವವರು ಕರೆಯುವುದು ಒಂದು. ಆ ಜಾಗವೂ ನಮ್ಮದೇ ಎನ್ನುವ ಈಚೆಯವರು ಅದನ್ನು ತಮ್ಮ ಬಡಾವಣೆಯ ಹೆಸರಿನಿಂದಲೇ ಕರೆಯುತ್ತಿದ್ದರು. ಇದಕ್ಕಾಗಿ ಕಲ್ಲು ತೂರಾಟವೂ ಆಗಿತ್ತು. ಬೋರ್ಡು ಬರೆಯುವವನು ಮಾತ್ರ ಇದಕ್ಕೆಲ್ಲ ತಲೆ ಕೆಡಿಸಿಕೊಂಡವನಲ್ಲ. ಅವನ ಮನೆ ಈಚೆಗೆ, ಅಕ್ಕನನ್ನು ಕೊಟ್ಟಿದ್ದು ಆಚೆಗೆ. ಯಾರು ಯಾವ ಹೆಸರು ಹೇಳಿದರೂ ಬರೆದು, ಕೈ ಒರೆಸಿಕೊಂಡು ಬರುತ್ತಿದ್ದ.

ಅಂಗಡಿಯ ಹೆಸರನ್ನು ಅವನು ಕುಂಚದಲ್ಲಿ ಬರೆಯುತ್ತಿದ್ದ. ಕೆಳಗಿನ ವಿಳಾಸಕ್ಕೆ ಮಾತ್ರ ತಗಡಿನಲ್ಲಿ ಕೊರೆದ ಅಚ್ಚಿಟ್ಟು ಬಣ್ಣ ಒತ್ತುತ್ತಿದ್ದ. ಅಕ್ಕ ಹೊಲಿಗೆ ಅಂಗಡಿ ತೆರೆದಾಗ ಅವನ ಚೀಲದಲ್ಲಿದ್ದದ್ದು ಈಚೆಯ ಹೆಸರಿನ ಅಚ್ಚೊಂದೇ. ಅಷ್ಟು ಸಣ್ಣ ಅಕ್ಷರ ಯಾರು ಓದುತ್ತಾರೆ ಎಂದುಕೊಂಡು ಅದನ್ನೇ ಒತ್ತಿಬಿಟ್ಟ. ಅಕ್ಕನಿಗೆ ಓದು ಬರದು. "ಚೆನ್ನಾಗಿದೆ ಕಣೋ" ಎಂದಳು.

ಮೊಬೈಲಿನ ನಕ್ಷೆಯಲ್ಲಿ ಮೊದಲಿನಿಂದಲೂ ಆಚೆಯವರ ಹೆಸರೇ ಇತ್ತು. ಒಂದು ಬೆಳಿಗ್ಗೆ ಅದು ಹೋಗಿ ಈಚೆಯವರದು ಬಂದು ಕೂತಿತ್ತು. ಈಚೆಯವರು ಯಾರೋ ಬದಲಾಯಿಸಲು ಕೇಳಿ, ಪುರಾವೆಗೆ ಫೋಟೋ ಕಳಿಸಿದ್ದರು. ಅದು ಅಕ್ಕನ ಅಂಗಡಿಯ ಬೋರ್ಡು. ಅಲ್ಲಿಯವರೇ ಹೀಗೆ ಬರೆಸಿಕೊಂಡಿದ್ದಾರೆ ಎಂದ ಮೇಲೆ ನಕ್ಷೆಯವರಿಗೆ ಇನ್ನೇನು ಬೇಕು?

ಅವನು ಹೋದಾಗ ಅಂಗಡಿ ಖಾಲಿ. ಹೊಲಿಯಲು ಕೊಟ್ಟ ಬಟ್ಟೆಗಳನ್ನೂ ಜನ ವಾಪಸು ಒಯ್ದಿದ್ದರು.

"ತವರಿನ ಹೆಸರು ತಂದು ನಮ್ಮ ಬೀದಿಗೆ ಅಂಟಿಸಿದಾಳೆ ಅಂತಾರೆ" ಎಂದಳು ಅಕ್ಕ. "ನಾನಂದೆ, ನನ್ನ ತಮ್ಮ ಅಂಥವನಲ್ಲ, ಬೋರ್ಡಲ್ಲಿ ನಮ್ಮ ಹೆಸರೇ ಇದೆ, ನೋಡ್ಕೊಳ್ಳಿ ಅಂತ. ಎಲ್ಲಾ ನಕ್ಕರು. ಯಾಕೋ ನಕ್ಕಿದ್ದು?"

ಅವನು ಚೀಲ ಕೆಳಗಿಟ್ಟ. "ಅಚ್ಚು ಅದೊಂದೇ ಇತ್ತಕ್ಕಾ."

ಅಕ್ಕ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. "ನಂಗೆ ಓದಕ್ಕೆ ಬರಲ್ವಲ್ಲ, ಅದಕ್ಕೆ ತಾನೇ?"

ಅವನು ಹೊರಗೆ ಏಣಿ ಹಾಕಿ ಹತ್ತಿ, ಹಳೆಯ ವಿಳಾಸದ ಮೇಲೆ ಬಣ್ಣ ಬಳಿದ. ಎದುರಿನ ಕ್ಷೌರದಂಗಡಿಯವನು ಬಾಚಣಿಗೆ ಹಿಡಿದೇ ಹೊರಬಂದ.

"ಏನಪ್ಪಾ, ಇವತ್ತು ಯಾವ ತಗಡು ತಂದಿದೀಯ?"

ಬೀದಿಯಲ್ಲಿದ್ದವರು ನಕ್ಕರು. ಅವನು ತಲೆಯೆತ್ತದೆ ಆಚೆಯವರ ಹೆಸರನ್ನು ಕುಂಚದಿಂದ ಒಂದೊಂದೇ ಅಕ್ಷರವಾಗಿ ಬರೆದ. ಇದರ ಫೋಟೋವನ್ನೂ ನಕ್ಷೆಯವರಿಗೆ ಕಳಿಸಬೇಕು, ಅವರು ಒಪ್ಪುತ್ತಾರೋ ಇಲ್ಲವೋ.

"ಆಯ್ತಕ್ಕಾ, ಸರಿ ಮಾಡಿದೀನಿ" ಎಂದು ಕೆಳಗಿಳಿದ.

ಅಕ್ಕ ಬೋರ್ಡನ್ನೂ ನೋಡಲಿಲ್ಲ, ಅವನನ್ನೂ ನೋಡಲಿಲ್ಲ. ಕ್ಷೌರದಂಗಡಿಯವನ ಕಡೆ ತಿರುಗಿ ಕೇಳಿದಳು:

"ಅಣ್ಣಾ, ಏನು ಬರ್ದಿದಾನೆ, ಸ್ವಲ್ಪ ಓದಿ ಹೇಳಿ."